ಮೇಷ್ಟ್ರ ಸ್ಪೆಕ್ಟ್ರಮ್: 12 ವೋಲ್ಟ್ ಎಲ್ಲಿ ಹೋಯ್ತು?

ಹಳೆ ಕಂಪ್ಯೂಟರ್ ಸಿಕ್ಕಿದ ತಕ್ಷಣ ಪ್ಲಗ್‌ಗೆ ಹಾಕಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ದಯವಿಟ್ಟು ಹಾಕಬೇಡಿ. ಎಷ್ಟೋ ವರ್ಷ ಅಟ್ಟದ ಮೇಲಿದ್ದ ಯಂತ್ರಕ್ಕೆ ಏಕಾಏಕಿ ಕರೆಂಟ್ ಕೊಟ್ಟರೆ ಒಂದು ಭಾಗ ಕೆಟ್ಟಿದ್ದು ನಾಲ್ಕಾಗುತ್ತದೆ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಆದರೆ ಇನ್ನೂ ಹುಷಾರಾಗಿರಬೇಕು. ಅದರ ಮೆಮೊರಿಗೆ ಮೂರು ಬಗೆಯ ವೋಲ್ಟೇಜ್ ಬೇಕು: 12, 5 ಮತ್ತು ಮೈನಸ್ 5. ಮೂರರಲ್ಲಿ ಮೈನಸ್ 5 ಕೈಕೊಟ್ಟರೆ ಚಿಪ್‌ಗಳೇ ಹೋಗುತ್ತವೆ.

ಈ ಸ್ಪೆಕ್ಟ್ರಮ್ ನನ್ನದಲ್ಲ, ಗೆಳೆಯನ ತಂದೆಯದು. ಮೈಸೂರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. 1984ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಕೊಂಡು ತಂದಿದ್ದರು. ಮನೆಗೆ ಬಣ್ಣ ಹೊಡೆಸುವಾಗ ಅಟ್ಟ ಖಾಲಿ ಮಾಡಿದರು, ಡಬ್ಬಿ ಕೆಳಗೆ ಬಂತು. "ಲೋ, ಅಪ್ಪಂದು ಒಂದು ಕಂಪ್ಯೂಟರ್ ಸಿಕ್ಕಿದೆ ಕಣೋ. ರಬ್ಬರ್ ಬಟನ್ ಇದೆ. ಗುಜರಿಗೆ ಹಾಕೋಣ ಅಂದ್ರೆ ಅಪ್ಪ ಒಪ್ತಿಲ್ಲ" ಅಂತ ಗೆಳೆಯ ಫೋನ್ ಮಾಡಿದ. ಅಷ್ಟರಲ್ಲಿ ಅವನ ಮಗ ವೈಫೈ ರೂಟರಿನ ಅಡಾಪ್ಟರ್ ಕಿತ್ತು ಅದಕ್ಕೆ ಚುಚ್ಚುವುದರಲ್ಲಿದ್ದನಂತೆ. ಅಜ್ಜ ಬೈದು ನಿಲ್ಲಿಸಿದರು. ಬೈದಿದ್ದು ಒಳ್ಳೆಯದೇ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಪೆಕ್ಟ್ರಮ್ ಬಂದಿದ್ದು 1982ರ ಏಪ್ರಿಲ್ 23ರಂದು. ಕೇಂಬ್ರಿಡ್ಜಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿಯದು. 16 ಕೆ ಮೆಮೊರಿಯದಕ್ಕೆ 125 ಪೌಂಡ್, 48 ಕೆ ಇರುವುದಕ್ಕೆ 175 ಪೌಂಡ್. ಒಳಗೆ 3.5 ಮೆಗಾಹರ್ಟ್ಸ್ ವೇಗದ ಝಡ್80ಎ ಪ್ರೊಸೆಸರ್. ಪರದೆಯ ಬದಲು ಮನೆಯ ಟಿವಿ, ಡಿಸ್ಕಿನ ಬದಲು ಟೇಪ್ ರೆಕಾರ್ಡರ್. ನಮ್ಮಲ್ಲಿ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 1986ರಲ್ಲಿ ಲೈಸೆನ್ಸ್ ಪಡೆದು ಸ್ಪೆಕ್ಟ್ರಮ್ ಪ್ಲಸ್ ಮಾರಿತ್ತು. ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದಿದ್ದು ಬಿಬಿಸಿ ಮೈಕ್ರೊ. ಹಾಗಾಗಿ ನಮ್ಮ ಕಡೆ ಸ್ಪೆಕ್ಟ್ರಮ್ ಮುಟ್ಟಿದವರು ಕಡಿಮೆ. ವಿದೇಶಕ್ಕೆ ಹೋಗಿಬಂದವರ ಮನೆಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ ಅಷ್ಟೆ.

ಮೇಷ್ಟ್ರನ್ನು ಕೇಳಿದೆ: "ಸರ್, ಇದು ಹೇಗೆ ನಿಂತಿದ್ದು?"

"ಓಡ್ತಾ ಇತ್ತಪ್ಪ. ಒಂದಿನ ಟಿವಿ ತುಂಬ ಪಟ್ಟೆ ಪಟ್ಟೆ ಬಂತು. ಮುಟ್ಟಿ ನೋಡಿದ್ರೆ ಒಂದು ಕಡೆ ಸಿಕ್ಕಾಪಟ್ಟೆ ಬಿಸಿ. ಆಮೇಲೆ ಹಚ್ಚಲೇ ಇಲ್ಲ."

ಅರ್ಧ ರೋಗ ಇಲ್ಲೇ ಗೊತ್ತಾಯಿತು. ಮೆಮೊರಿ ಚಿಪ್ ಹೋಗಿದೆ, ಜೊತೆಗೆ ಟಿಆರ್4 ಅನ್ನುವ ಟ್ರಾನ್ಸಿಸ್ಟರನ್ನೂ ಎಳೆದುಕೊಂಡು ಹೋಗಿದೆ. ಸ್ಪೆಕ್ಟ್ರಮ್ ರಿಪೇರಿ ಮಾಡುವವರಿಗೆಲ್ಲ ಈ ಜೋಡಿ ಚೆನ್ನಾಗಿ ಪರಿಚಯ.

ಅಡಾಪ್ಟರ್ ಮೊದಲು

ಡಬ್ಬಿಯಲ್ಲಿ ಮೂಲ ಅಡಾಪ್ಟರ್ ಇತ್ತು. ಕೈಯಲ್ಲಿ ಹಿಡಿದರೆ ಇಟ್ಟಿಗೆಯ ತೂಕ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್, ಇಷ್ಟೆ. ಮೇಲೆ 9 ವೋಲ್ಟ್, 1.4 ಆಂಪ್ ಅಂತ ಬರೆದಿದೆ. ಲೋಡ್ ಇಲ್ಲದೆ ಅಳೆದರೆ ಮಲ್ಟಿಮೀಟರ್ 13 ದಾಟುತ್ತದೆ. ಅದು ದೋಷವಲ್ಲ, ರೆಗ್ಯುಲೇಷನ್ ಇಲ್ಲದ ಅಡಾಪ್ಟರ್ ಇರುವುದೇ ಹಾಗೆ. ಆದರೂ ಇಷ್ಟು ಹಳೆಯ ಕೆಪಾಸಿಟರನ್ನು ನಾನು ನಂಬುವುದಿಲ್ಲ. ಪಕ್ಕಕ್ಕಿಟ್ಟೆ.

ಹಳೆ ಅಡಾಪ್ಟರ್ ತುಂಬಿದ ಡಬ್ಬ ಈಗ ಎಲ್ಲರ ಮನೆಯಲ್ಲೂ ಇದೆ, ಅಲ್ವಾ? ಇಂಟರ್ನೆಟ್ ಕಂಪನಿ ಬದಲಾಯಿಸಿದಾಗಲೆಲ್ಲ ಒಂದು ಸೇರುತ್ತದೆ. ನನ್ನ ಡಬ್ಬದಲ್ಲಿ 9 ವೋಲ್ಟ್ 2 ಆಂಪ್‌ನದು ಸಿಕ್ಕಿತು. ತೊಂದರೆ ಏನೆಂದರೆ ಇವತ್ತಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಪ್ಲಸ್, ಹೊರಗಿನ ಬಳೆ ಮೈನಸ್. ಸ್ಪೆಕ್ಟ್ರಮ್‌ಗೆ ಬೇಕಾದ್ದು ಇದರ ಉಲ್ಟಾ. ನಡುವಿನದು ಮೈನಸ್. ಪಿನ್ ಸರಾಗವಾಗಿ ಒಳಗೆ ಹೋಗುತ್ತದೆ, ಆದರೆ ಉಲ್ಟಾ ಕರೆಂಟನ್ನು ತಡೆಯುವ ಡಯೋಡ್ ಬೋರ್ಡಿನಲ್ಲಿಲ್ಲ. ಅಜ್ಜ ಬೈದಿದ್ದು ಯಾಕೆ ಒಳ್ಳೆಯದಾಯಿತು ಅಂತ ಈಗ ತಿಳಿಯಿತಲ್ಲ.

ವೈರ್ ಕತ್ತರಿಸಿ, ಎರಡೂ ತುದಿ ಅದಲು ಬದಲು ಮಾಡಿ ಸೋಲ್ಡರ್ ಹಾಕಿ, ಮೇಲೆ ಸ್ಲೀವ್ ಎಳೆದೆ. ಮಲ್ಟಿಮೀಟರಿನ ಕೆಂಪು ತುದಿ ಒಳಗೆ, ಕಪ್ಪು ಹೊರಗೆ. ಮೈನಸ್ 9 ತೋರಿಸಿತು. ಅಡಾಪ್ಟರ್ ಮೇಲೆ "ಸ್ಪೆಕ್ಟ್ರಮ್‌ಗೆ ಮಾತ್ರ, ಉಲ್ಟಾ" ಅಂತ ಮಾರ್ಕರಿನಲ್ಲಿ ಬರೆದು ಟೇಪ್ ಸುತ್ತಿದೆ. ಇದನ್ನು ಬರೆಯದಿದ್ದರೆ ನಾಳೆ ಮನೆಯಲ್ಲಿ ಯಾರಾದರೂ ಬೇರೆ ಸಾಮಾನಿಗೆ ಹಾಕುವುದು ಗ್ಯಾರಂಟಿ.

ಒಳಗೆ

ಅಡಿಯಲ್ಲಿ ಐದು ಸ್ಕ್ರೂ. ಬಿಚ್ಚಿದ ಮೇಲೆ ಮುಚ್ಚಳವನ್ನು ಜೋರಾಗಿ ಎತ್ತಬಾರದು. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಹೋಗುತ್ತವೆ. ಒಂದರಲ್ಲಿ ಐದು ಗೆರೆ, ಇನ್ನೊಂದರಲ್ಲಿ ಎಂಟು. ಐದೆಂಟಲಿ ನಲವತ್ತು, ಕೀಗಳೂ ನಲವತ್ತೇ. ಮೆತ್ತಗೆ ಎಳೆದೆ. ಐದು ಗೆರೆಯದು ಸುಮ್ನೆ ಬಂತು. ಎಂಟು ಗೆರೆಯದು ಹಪ್ಪಳದ ಹಾಗೆ ಪಟಕ್ಕೆಂದು ಮುರಿಯಿತು, ತುದಿ ಸಾಕೆಟ್ಟಿನಲ್ಲೇ ಉಳಿಯಿತು. ಇದನ್ನು ನಾನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆ. ಈ ವಯಸ್ಸಿನ ಮೆಂಬ್ರೇನ್, ಅಂದರೆ ಕೀಗಳ ಅಡಿಯ ಪ್ಲಾಸ್ಟಿಕ್ ಹಾಳೆ, ಮುರಿಯದೆ ಬರುವುದೇ ಅಪರೂಪ. ಈಗಲೂ ಹೊಸದಾಗಿ ಮಾಡಿ ಮಾರುವವರು ಇಂಗ್ಲೆಂಡಿನಲ್ಲಿದ್ದಾರೆ. ಅವತ್ತೇ ಆರ್ಡರ್ ಹಾಕಿದೆ.

ಬೋರ್ಡು ನೋಡಿದರೆ ಖುಷಿಯಾಗುತ್ತದೆ. ಒಂದೊಂದು ಚಿಪ್ ಕೂಡ ಹೆಸರು ಹಿಡಿದು ಕರೆಯುವಷ್ಟು ದೊಡ್ಡದು. ಝಡ್80. ಪಕ್ಕದಲ್ಲಿ ಫೆರಾಂಟಿ ಕಂಪನಿ ಮಾಡಿಕೊಟ್ಟ ಯುಎಲ್‌ಎ. ಪರದೆ, ಕೀಬೋರ್ಡ್, ಟೇಪ್, ಬೀಪ್ ಶಬ್ದ ಎಲ್ಲ ನೋಡಿಕೊಳ್ಳುವುದು ಅದೇ. ಬೇಸಿಕ್ ಭಾಷೆ ಕೂತಿರುವ 16 ಕೆ ರೋಮ್, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿ. ಬಣ್ಣಕ್ಕೆ ಎಲ್‌ಎಂ1889. ಸಾಲಾಗಿ ಎಂಟು 4116 ಮೆಮೊರಿ ಚಿಪ್, ಇದು ಕೆಳಗಿನ 16 ಕೆ. ಇನ್ನೊಂದು ಸಾಲಿನಲ್ಲಿ ಮತ್ತೆ ಎಂಟು, ಅದು ಮೇಲಿನ 32 ಕೆ. ಇವತ್ತಿನ ಮೊಬೈಲ್ ಬಿಚ್ಚಿದರೆ ಅಂಟು, ತಗಡು, ಕಪ್ಪು ಚೌಕಗಳು ಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಇಲ್ಲಿ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು.

ಝಡ್80 ಬಗ್ಗೆ ಒಂದು ಮಾತು. ಝೈಲಾಗ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿದ್ದು 1976ರಲ್ಲಿ. ಹಳೆ ಅಳತೆಯ, ನಲವತ್ತು ಕಾಲಿನ ಆ ಚಿಪ್ಪಿಗೆ ಕೊನೆಯ ಆರ್ಡರ್ ತೆಗೆದುಕೊಂಡಿದ್ದು 2024ರಲ್ಲಿ. ಸುಮಾರು ಐವತ್ತು ವರ್ಷ ಒಂದೇ ಚಿಪ್! ನನ್ನ ಫೋನಿಗೆ ಎರಡು ವರ್ಷಕ್ಕೆ ಅಪ್ಡೇಟ್ ನಿಂತುಹೋಯಿತು.

ಧೂಳು ಬ್ರಷ್‌ನಿಂದ ತೆಗೆದೆ. ಜಿರಲೆ ಹಿಕ್ಕೆ ಇತ್ತು, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಹಿಂಬದಿಯ ತೆರೆದ ಕನೆಕ್ಟರ್ ಕಪ್ಪಾಗಿತ್ತು. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹೊಳಪು ಬಂತು.

12 ವೋಲ್ಟ್ ಹುಡುಕಾಟ

ಹೊರಗಿನಿಂದ ಬರುವುದು 9 ವೋಲ್ಟ್ ಮಾತ್ರ. ಅದರಿಂದ 5 ವೋಲ್ಟ್ ಮಾಡುವುದು 7805 ರೆಗ್ಯುಲೇಟರ್. ಅದಕ್ಕೆ ಒಂದು ದೊಡ್ಡ ಅಲ್ಯೂಮಿನಿಯಂ ತಗಡು ಕಟ್ಟಿದ್ದಾರೆ, ಬಿಸಿ ಹೋಗಲಿ ಅಂತ. ಉಳಿದ ಎರಡು ವೋಲ್ಟೇಜ್‌ಗೆ ಒಂದು ಪುಟ್ಟ ಜಾಣತನ. ಟಿಆರ್4, ಟಿಆರ್5 ಅನ್ನುವ ಎರಡು ಟ್ರಾನ್ಸಿಸ್ಟರ್, ಒಂದು ಕಾಯಿಲ್. ಟಿಆರ್4 ಕಾಯಿಲ್ ಮೂಲಕ ಕರೆಂಟನ್ನು ಪಟಪಟನೆ ಹಚ್ಚಿ ಆರಿಸುತ್ತದೆ. ಹಾಗೆ ಆರಿಸಿದಾಗ ಕಾಯಿಲ್ ಎಗರಿಸುವ ವೋಲ್ಟೇಜನ್ನು ಡಯೋಡ್ ಮೂಲಕ ಹಿಡಿದಿಟ್ಟರೆ 12. ಅದೇ ಏರಿಳಿತದಿಂದ ಮೈನಸ್ 5 ಕೂಡ ಹುಟ್ಟುತ್ತದೆ. ಅಂದರೆ ಟಿಆರ್4 ಹೋಯಿತೋ, ಎರಡೂ ಹೋದವು.

4116ರಲ್ಲಿ ಒಂದು ಕೆಟ್ಟ ಗುಣ ಇದೆ. ಮೈನಸ್ 5 ಇಲ್ಲದೆ 12 ಮಾತ್ರ ಸಿಕ್ಕರೆ ಒಳಗೆ ಕರೆಂಟ್ ಸಿಕ್ಕಾಪಟ್ಟೆ ಹರಿದು ಚಿಪ್ ಸುಡುತ್ತದೆ. ಒಂದು ಚಿಪ್ ಶಾರ್ಟ್ ಆದರೆ 12 ವೋಲ್ಟ್ ಕುಸಿಯುತ್ತದೆ. ಟಿಆರ್4 ಅದನ್ನು ಎಳೆಯಲು ಹೋಗಿ ತಾನೂ ಸಾಯುತ್ತದೆ. ಅದು ಸತ್ತರೆ ಮೈನಸ್ 5 ಇಲ್ಲ. ಮೈನಸ್ 5 ಇಲ್ಲದಿದ್ದರೆ ಉಳಿದ ಚಿಪ್‌ಗಳಿಗೂ ಅಪಾಯ. ಅದಕ್ಕೇ ಟಿಆರ್4 ಬದಲಾಯಿಸಿ ಸುಮ್ನೆ ಸ್ವಿಚ್ ಹಾಕುವುದು ಕೆಲಸಕ್ಕೆ ಬಾರದು. ಶಾರ್ಟ್ ಆದ ಚಿಪ್ ಅಲ್ಲೇ ಇದ್ದರೆ ಹೊಸ ಟಿಆರ್4 ಕೂಡ ಒಂದು ನಿಮಿಷದಲ್ಲಿ ಹೋಗುತ್ತದೆ.

ಕರೆಂಟ್ ಕೊಡದೆ ಅಳೆಯಲು ಶುರು ಮಾಡಿದೆ. 4116ರಲ್ಲಿ 8ನೇ ಕಾಲು 12 ವೋಲ್ಟ್, 9ನೇ ಕಾಲು 5 ವೋಲ್ಟ್, 1ನೇ ಕಾಲು ಮೈನಸ್ 5, 16ನೇ ಕಾಲು ಗ್ರೌಂಡ್. 9ಕ್ಕೂ 16ಕ್ಕೂ ನಡುವೆ ಪರವಾಗಿಲ್ಲ. 8ಕ್ಕೂ 16ಕ್ಕೂ ನಡುವೆ 3 ಓಮ್. ಬೀಪ್ ಮೋಡ್‌ನಲ್ಲಿಟ್ಟರೆ ಮೀಟರ್ ಕೂಗುತ್ತದೆ. ಟಿಆರ್4ರ ಕಲೆಕ್ಟರ್ ಮತ್ತು ಎಮಿಟರ್ ನಡುವೆಯೂ ಕೂಗಿತು. ಅದನ್ನು ಬಿಚ್ಚಿ ತೆಗೆದು ಮತ್ತೆ ಅಳೆದೆ. ಟ್ರಾನ್ಸಿಸ್ಟರ್ ಹೊರಗೂ ಶಾರ್ಟ್, 12 ವೋಲ್ಟ್ ಸಾಲಿನಲ್ಲಿ ಈಗಲೂ ಅದೇ 3 ಓಮ್. ಮೇಷ್ಟ್ರು ಹೇಳಿದ "ಸಿಕ್ಕಾಪಟ್ಟೆ ಬಿಸಿ" ಇದೇ.

ಈಗ ಸಮಸ್ಯೆ: ಎಂಟು ಚಿಪ್ಪಿನ 8ನೇ ಕಾಲೂ ಒಂದೇ ಟ್ರ್ಯಾಕಿನಲ್ಲಿವೆ. ಓಮ್ ಅಳೆದರೆ ಎಂಟೂ ಕಳ್ಳರೇ. ಎಂಟನ್ನೂ ಕಿತ್ತು ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಈ ಬೋರ್ಡಿನ ಟ್ರ್ಯಾಕ್‌ಗಳು ತೆಳು, ಬಿಸಿ ಜಾಸ್ತಿಯಾದರೆ ಏಳುತ್ತವೆ. ಕೆಟ್ಟದ್ದು ಒಂದೇ ಆದರೆ ಒಂದನ್ನೇ ಕೀಳಬೇಕು.

ಬೆಂಚ್ ಪವರ್ ಸಪ್ಲೈಯನ್ನು 1.5 ವೋಲ್ಟಿಗೆ ಇಟ್ಟು, ಕರೆಂಟ್ ಮಿತಿಯನ್ನು ಅರ್ಧ ಆಂಪ್‌ಗೆ ಕಟ್ಟಿದೆ. ಅದನ್ನು 12 ವೋಲ್ಟ್ ಸಾಲಿಗೆ ಕೊಟ್ಟೆ. ಇಷ್ಟು ಕಡಿಮೆ ವೋಲ್ಟೇಜಿಗೆ ಒಳ್ಳೆಯ ಚಿಪ್‌ಗಳು ಏನೂ ಎಳೆಯುವುದಿಲ್ಲ. ಎಳೆಯುವುದು ಶಾರ್ಟ್ ಆದದ್ದು ಮಾತ್ರ. ಮುಕ್ಕಾಲು ವ್ಯಾಟ್‌ಗಿಂತ ಸ್ವಲ್ಪ ಕಡಿಮೆ ಶಕ್ತಿ ಆ ಒಂದೇ ಚಿಪ್ಪಿನಲ್ಲಿ ಬಿಸಿಯಾಗಿ ಹೋಗಬೇಕು. ಸಾಲಿನ ಎಂಟೂ ಚಿಪ್ ಮೇಲೆ ಡ್ರಾಪರ್‌ನಿಂದ ಒಂದೊಂದು ಹನಿ ಆಲ್ಕೊಹಾಲ್ ಬಿಟ್ಟು ಕಾದೆ. ಎಡದಿಂದ ಮೊದಲ ಮೂರರ ಮೇಲೆ ಹನಿ ಅಲ್ಲಾಡದೆ ಕೂತಿತ್ತು. ನಾಲ್ಕನೆಯದರ ಮೇಲಿನದು ಮಾತ್ರ ಅಂಚಿನಿಂದ ಕುಗ್ಗುತ್ತಾ ಬಂತು, ನಡುವೆ ಒಂದು ಸಣ್ಣ ಚುಕ್ಕೆಯಾಯಿತು, ಆರಿಹೋಯಿತು. ಉಳಿದ ಏಳೂ ಆಗಲೂ ಒದ್ದೆ. ಬೆರಳಿಟ್ಟೆ. ಬೆಚ್ಚಗಲ್ಲ, ಚುರ್ ಅನ್ನುವಷ್ಟು ಬಿಸಿ. ಥರ್ಮಲ್ ಕ್ಯಾಮೆರಾ ಇದ್ದವರು ಇದನ್ನು ಎರಡು ಸೆಕೆಂಡಿನಲ್ಲಿ ನೋಡುತ್ತಾರೆ. ಆ ಕ್ಯಾಮೆರಾ ದುಡ್ಡಿಗೆ ಎಷ್ಟು ಹನಿ ಆಲ್ಕೊಹಾಲ್ ಬರುತ್ತದೆ ಅಂತ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ.

ಎಸ್.ಪಿ. ರೋಡ್

ಬೆಂಗಳೂರಿನಲ್ಲಿ ಸಾಮಾನು ಅಂದರೆ ಎಸ್.ಪಿ. ರೋಡ್. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಕೆಪಾಸಿಟರ್, ಐಸಿ ಸಾಕೆಟ್, ಡಿಸೋಲ್ಡರ್ ವಿಕ್, ಫ್ಲಕ್ಸ್ ಎಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿದವು.

"4116 ಇದೆಯಾ ಅಣ್ಣ? ರ‍್ಯಾಮ್ ಚಿಪ್ಪು."

"ಯಾವ ಲ್ಯಾಪ್‌ಟಾಪಿಗೆ ಸಾರ್?"

"ಲ್ಯಾಪ್‌ಟಾಪ್ ಅಲ್ಲ, ಹಳೆ ಕಂಪ್ಯೂಟರು. 16 ಕೆ."

"16 ಜಿಬಿ ಇದೆ ಸಾರ್, ಡಿಡಿಆರ್4. ಕೊಡ್ಲಾ?"

ಒಳಗಿದ್ದ ವಯಸ್ಸಾದ ಮಾಲೀಕರು ನಕ್ಕರು. "ಅದೆಲ್ಲ ಹಿಂದೆ ಇಟ್ಟಿದ್ವಿ. ಈಗ ಯಾರೂ ಕೇಳಲ್ಲ" ಅಂದರು. 4116 ಮತ್ತು ಟಿಆರ್4ಕ್ಕೆ ಬೇಕಾದ ಝಡ್‌ಟಿಎಕ್ಸ್650, ಟಿಆರ್5ಕ್ಕೆ ಝಡ್‌ಟಿಎಕ್ಸ್213 ಮೂರನ್ನೂ ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. ಹಳೆ ಚಿಪ್ ಕೊಳ್ಳುವಾಗ ಎರಡು ಹೆಚ್ಚಿಗೆ ತರಿಸಿ. ಮೇಲಿನ ಹೆಸರು ಕೆರೆದು ಹೊಸದಾಗಿ ಅಚ್ಚು ಹಾಕಿದ ಮಾಲು ಬೇಕಾದಷ್ಟು ಓಡಾಡುತ್ತಿದೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೆ ಅಂಥ ಅಚ್ಚು ಎಷ್ಟೋ ಸಲ ಕೈಗೆ ಬರುತ್ತದೆ.

ಕೆಪಾಸಿಟರ್ ವಿಷಯಕ್ಕೆ ಬಂದರೆ, ಮೂಲದಲ್ಲಿರುವುದು ಎರಡೂ ತುದಿಯಲ್ಲಿ ಕಾಲಿರುವ, ಮಲಗಿಸಿ ಹಾಕುವ ಬಗೆ. ಅಂಗಡಿಯಲ್ಲಿ ಸಿಗುವುದು ಎರಡೂ ಕಾಲು ಒಂದೇ ಕಡೆ ಇರುವ, ನಿಲ್ಲಿಸಿ ಹಾಕುವ ಬಗೆ. 22 ಮೈಕ್ರೊಫ್ಯಾರಡ್ ಜಾಸ್ತಿ ಬೇಕು. ಜೊತೆಗೆ 1, 4.7, 100. ಒಂದು ಕಾಲಿಗೆ ಸ್ಲೀವ್ ಹಾಕಿ ಉದ್ದ ಬಗ್ಗಿಸಿದರೆ ಕೂರುತ್ತದೆ. ನೋಡಲು ಅಷ್ಟು ಚೆಂದ ಇಲ್ಲ. ಮುಚ್ಚಳ ಹಾಕಿದ ಮೇಲೆ ಯಾರು ನೋಡುತ್ತಾರೆ?

ಕೀಳುವುದು, ಹಾಕುವುದು

ಕೆಟ್ಟ ಚಿಪ್ ಹೇಗೂ ಸತ್ತಿದೆ. ಅದನ್ನು ಇಡಿಯಾಗಿ ತೆಗೆಯುವ ಹಟ ಯಾಕೆ? ಕಟ್ಟರ್‌ನಿಂದ ಹದಿನಾರು ಕಾಲನ್ನೂ ಚಿಪ್ಪಿನ ಮೈಗೆ ತಾಗಿಸಿ ಕತ್ತರಿಸಿದೆ. ಮೈ ಎದ್ದು ಬಂತು. ಆಮೇಲೆ ಒಂದೊಂದು ಕಾಲನ್ನು ಚಿಮಟದಲ್ಲಿ ಹಿಡಿದು ಕೆಳಗಿನಿಂದ ಐರನ್ ಮುಟ್ಟಿಸಿದರೆ ಜಾರಿ ಬರುತ್ತದೆ. ನನ್ನದು 25 ವ್ಯಾಟ್‌ನ ಸೋಲ್ಡ್ರಾನ್, ಕಾಲೇಜು ದಿನದ್ದು. ಟ್ರ್ಯಾಕಿಗೆ ಎರಡು ಸೆಕೆಂಡಿಗಿಂತ ಜಾಸ್ತಿ ಬಿಸಿ ತಾಗಬಾರದು. ಗ್ರೌಂಡಿಗೆ ಸೇರಿದ 16ನೇ ಕಾಲು ಮಾತ್ರ ಸತಾಯಿಸುತ್ತದೆ. ಆ ಕಡೆ ತಾಮ್ರ ಅಗಲವಾಗಿದೆ, ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ಅಲ್ಲಿ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ ಕರಗಿಸಿದರೆ ಹಳೆಯದೂ ಬೇಗ ಕರಗುತ್ತದೆ. ತೂತುಗಳನ್ನು ಸಕ್ಕರ್‌ನಿಂದ ಖಾಲಿ ಮಾಡಿ ಸಾಕೆಟ್ ಹಾಕಿದೆ.

ಚಿಪ್ ಕೂರಿಸುವ ಮೊದಲು 12 ವೋಲ್ಟ್ ಸಾಲನ್ನು ಮತ್ತೆ ಅಳೆದೆ. 3 ಓಮ್ ಮಾಯ, ಕಿಲೊಓಮ್‌ಗಳಿಗೆ ಏರಿತ್ತು. ಹೊಸ ಟಿಆರ್4, ಟಿಆರ್5 ಹಾಕಿದೆ. ಟಿಆರ್5 ಚೆನ್ನಾಗಿಯೇ ಇತ್ತು, ಆದರೂ ಜೋಡಿಯಾಗಿ ಬದಲಾಯಿಸುವುದು ರೂಢಿ. ಕಾಯಿಲ್‌ನ ವಾರ್ನಿಷ್ ಕೊಂಚ ಕಪ್ಪಾಗಿತ್ತು, ತಂತಿ ಕಡಿದಿರಲಿಲ್ಲ. ಅದನ್ನು ಮುಟ್ಟಲಿಲ್ಲ.

ಸ್ವಿಚ್ ಹಾಕಿ ನೇರ 1ನೇ ಕಾಲಿಗೆ ಮೀಟರ್ ಇಟ್ಟೆ. ಮೈನಸ್ 5 ಬರದಿದ್ದರೆ ತಕ್ಷಣ ಆರಿಸಬೇಕು. ಮೈನಸ್ 5.1. ಆಮೇಲೆ 8ನೇ ಕಾಲು: 12.2. ಆಮೇಲೆ 9: 5.0. ಸ್ಪೆಕ್ಟ್ರಮ್‌ಗೆ ಸ್ವಿಚ್ಚೇ ಇಲ್ಲ ಅನ್ನುವುದು ಬೇರೆ ಕಥೆ. ಆರಿಸಬೇಕಾದರೆ ವೈರ್ ಕೀಳಬೇಕು. ಹಾಗಾಗಿ ಗೋಡೆಯ ಸ್ವಿಚ್ ಪಕ್ಕದಲ್ಲೇ ಕೂತು ಈ ಕೆಲಸ ಮಾಡಿ.

ಟಿವಿ ತಂಟೆ

ಸ್ಪೆಕ್ಟ್ರಮ್ ಹೊರಗೆ ಕಳಿಸುವುದು ಆಂಟೆನಾ ಸಿಗ್ನಲ್, ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ. ಬಣ್ಣದ ಟಿವಿಗೆ ಬ್ರಿಟನ್‌ನದೂ ಪಾಲ್ ಅನ್ನುವ ಪದ್ಧತಿ, ನಮ್ಮದೂ ಅದೇ. ನಮ್ಮ ದೂರದರ್ಶನಕ್ಕೆ ಬಣ್ಣ ಬಂದಿದ್ದೂ ಅದೇ 1982ರಲ್ಲಿ, ಏಷ್ಯನ್ ಗೇಮ್ಸ್ ವರ್ಷ. ಅಮೆರಿಕದ ಯಂತ್ರ ತಂದವರಿಗೆ ಆಗುವ ಬಣ್ಣದ ಗೋಳು ಇಲ್ಲಿಲ್ಲ.

ಆದರೂ ಆಂಟೆನಾ ಚಿತ್ರ ಮಬ್ಬು. ಅದನ್ನು ನೇರ ವಿಡಿಯೊ ಮಾಡುವುದು ಸುಲಭ. ವಿಡಿಯೊವನ್ನು ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವುದು ಎರಡೇ ವೈರ್: 5 ವೋಲ್ಟ್, ವಿಡಿಯೊ. ಎರಡನ್ನೂ ಬಿಚ್ಚಬೇಕು. ಡಬ್ಬಿಯ ಮುಚ್ಚಳ ತೆಗೆದು, ಸಾಕೆಟ್ಟಿಗೆ ಒಳಗಿನಿಂದ ಬರುವ ರೆಸಿಸ್ಟರ್ ಕಾಲನ್ನು ಎತ್ತಬೇಕು. ವಿಡಿಯೊ ವೈರನ್ನು 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಸಾಕೆಟ್‌ನ ನಡುವಿಗೆ ಕೊಟ್ಟರೆ ಮುಗಿಯಿತು. ಮತ್ತೆ ಮೊದಲಿನಂತೆ ಮಾಡಬೇಕು ಅನ್ನಿಸಿದರೂ ಮಾಡಬಹುದು. ನಾನು ಯಾವ ತುಣುಕನ್ನೂ ಎಸೆಯಲಿಲ್ಲ.

ಮನೆಯ ದೊಡ್ಡ ಎಲ್‌ಇಡಿ ಟಿವಿಗೆ ಹಚ್ಚಿದರೆ "ಸಿಗ್ನಲ್ ಇಲ್ಲ" ಅಂತು. ಸ್ಪೆಕ್ಟ್ರಮ್ ಕಳಿಸುವುದು ಪ್ರತಿ ಫ್ರೇಮಿಗೆ 312 ಗೆರೆ, ಸರಿ-ಬೆಸ ಗೆರೆಗಳ ಹಂಚಿಕೆ ಇಲ್ಲ. ಸೆಕೆಂಡಿಗೆ 50ಕ್ಕಿಂತ ಒಂದು ಕೂದಲೆಳೆ ಜಾಸ್ತಿ. ಪುಸ್ತಕದಲ್ಲಿರುವ ಹಾಗೇ ಸಿಗ್ನಲ್ ಬರಬೇಕು ಅನ್ನುವ ಹೊಸ ಟಿವಿಗಳು ಇದನ್ನು ಒಪ್ಪುವುದಿಲ್ಲ. ಸ್ಟೋರ್ ರೂಮಿನ ಹಳೆ ಪೋರ್ಟಬಲ್ ಟಿವಿಗೆ ಈ ಮಡಿ ಮೈಲಿಗೆ ಇಲ್ಲ. ಕೊಟ್ಟಿದ್ದನ್ನು ತೋರಿಸಿತು.

ಮೊದಲು ಸುತ್ತ ಬಿಳಿ ಅಂಚು, ನಡುವೆ ಕಪ್ಪು. ಆ ಕಪ್ಪಿನ ಮೇಲೆ ಸಣ್ಣ ಕೆಂಪು ಗೆರೆಗಳು ಮೂಡಿ ಅಳಿಸಿದವು. ಇದು ರೋಮ್ ಮಾಡುವ ಮೆಮೊರಿ ಪರೀಕ್ಷೆ. ಎಲ್ಲ ಬೈಟ್‌ನಲ್ಲೂ 2 ಅನ್ನುವ ಸಂಖ್ಯೆ ತುಂಬಿ ಸರಿ ಇದೆಯಾ ಅಂತ ನೋಡುತ್ತದೆ. ಪರದೆಯೂ ಮೆಮೊರಿಯ ಭಾಗವೇ ಆದ್ದರಿಂದ ಆ 2 ನಮಗೆ ಕಾಣುತ್ತದೆ. ಬಣ್ಣದ ಜಾಗದಲ್ಲಿ 2 ಅಂದರೆ ಕಪ್ಪಿನ ಮೇಲೆ ಕೆಂಪು, ಚುಕ್ಕಿಯ ಜಾಗದಲ್ಲಿ 2 ಅಂದರೆ ಎಂಟು ಚುಕ್ಕಿಯಲ್ಲಿ ಒಂದು. ಅದಕ್ಕೇ ಕೆಂಪು ಗೆರೆ. ಬಳಿಕ ಪೂರ್ತಿ ಬಿಳಿ, ಕೆಳಗೆ ಸಿಂಕ್ಲೇರ್ ರಿಸರ್ಚ್, 1982.

ಹೊಸ ಮೆಂಬ್ರೇನ್ ಬರುವ ತನಕ ಇಲ್ಲಿಗೇ ನಿಂತೆ. ಬಂದ ಮೇಲೆ ಕೀಬೋರ್ಡಿನ ಮೇಲಿನ ಕಪ್ಪು ತಗಡು ತೆಗೆಯಬೇಕು. ಅದನ್ನು ಎರಡು ಬದಿಯ ಟೇಪಿನಲ್ಲಿ ಅಂಟಿಸಿದ್ದಾರೆ. ಜೋರು ಮಾಡಿದರೆ ಬಗ್ಗುತ್ತದೆ, ಬಗ್ಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಹೇರ್ ಡ್ರೈಯರ್ ಬಿಸಿ ಕೊಟ್ಟು, ಹಳೆ ಎಟಿಎಂ ಕಾರ್ಡ್ ತೂರಿಸಿ, ಒಂದು ಮೂಲೆಯಿಂದ ನಿಧಾನಕ್ಕೆ ಬಿಡಿಸಿದೆ. ಹೆಂಡತಿ ಬಂದು ಡ್ರೈಯರ್ ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ.

ಸ್ಪೆಕ್ಟ್ರಮ್‌ನಲ್ಲಿ "ಪ್ರಿಂಟ್" ಅಂತ ಅಕ್ಷರ ಅಕ್ಷರ ಒತ್ತುವಂತಿಲ್ಲ. ಪಿ ಒತ್ತಿದರೆ ಇಡೀ ಪದ ಬೀಳುತ್ತದೆ. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಕೊಟ್ಟೆ. ಯಂತ್ರ ತನಗೆ ಕಂಡ ಮೆಮೊರಿಯ ಕೊನೆಯ ವಿಳಾಸ ಅಲ್ಲಿ ಬರೆದಿಟ್ಟಿರುತ್ತದೆ. 32767 ಬಂದರೆ 16 ಕೆ ಮಾತ್ರ. 65535 ಬಂತು, ಪೂರ್ತಿ 48 ಕೆ. ಮೇಲಿನ 32 ಕೆಯ ಗುಟ್ಟು ನನಗೆ ತುಂಬ ಇಷ್ಟ. ಅವು ನಿಜವಾಗಿ 64 ಕಿಲೊಬಿಟ್ ಚಿಪ್‌ಗಳು, ಕಾರ್ಖಾನೆಯಲ್ಲಿ ಅರ್ಧ ಭಾಗ ಕೆಟ್ಟು ಬಂದವು. ಚೆನ್ನಾಗಿರುವ ಅರ್ಧ ಯಾವುದು ಅಂತ ನೋಡಿ ವಿಂಗಡಿಸಿ, ಒಂದೇ ಬಗೆಯ ಎಂಟನ್ನು ಒಂದು ಬೋರ್ಡಿಗೆ ಹಾಕಿ, ಯಾವ ಅರ್ಧ ಬಳಸಬೇಕು ಅಂತ ಒಂದು ತುಂಡು ತಂತಿಯಿಂದ ಹೇಳಿದ್ದಾರೆ. ದುಡ್ಡು ಉಳಿಸುವುದು ಅಂದರೆ ಹೀಗೆ.

ಕ್ಯಾಸೆಟ್

ಡಬ್ಬಿಯ ತಳದಲ್ಲಿ ಎರಡು ಕ್ಯಾಸೆಟ್ ಇದ್ದವು. ಒಂದರ ಮೇಲೆ ಮೇಷ್ಟ್ರ ಕೈಬರಹ: "ಲೋಲಕ - ಸರಿ ಇರೋದು".

ಮೊದಲು ಫೋನಿನಿಂದ ಒಂದು ಆಟ ಲೋಡ್ ಮಾಡಿ ನೋಡೋಣ ಅಂದರೆ ಫೋನಿಗೆ ಹೆಡ್‌ಫೋನ್ ತೂತೇ ಇಲ್ಲ. ಯುಎಸ್‌ಬಿ-ಸಿ ಕನ್ವರ್ಟರ್ ಹುಡುಕಿದೆ. ಇದನ್ನು ಮಾಡುವವರಿಗೆ ಎರಡು ಸಲಹೆ. ಎಂಪಿ3 ಬೇಡ, ವೇವ್ ಫೈಲ್ ಇಟ್ಟುಕೊಳ್ಳಿ. ವಾಲ್ಯೂಮ್ ಪೂರ್ತಿ ಏರಿಸಿ, ನೋಟಿಫಿಕೇಷನ್ ಪೂರ್ತಿ ಆರಿಸಿ. ನಡುವೆ ಒಂದು ವಾಟ್ಸಾಪ್ ಟಣ್ ಅಂದರೆ ಐದು ನಿಮಿಷದ ಲೋಡ್ ಹಾಳು.

ಕ್ಯಾಸೆಟ್ ಹಾಕಿದರೆ ಮೊದಲು ಬರುವುದು ಸುಮಾರು 800 ಹರ್ಟ್ಸ್‌ನ ಒಂದೇ ಸಮನೆ ಕೂಗು. ಆಗ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ. ಡೇಟಾ ಶುರುವಾದರೆ ನೀಲಿ, ಹಳದಿ ತೆಳು ಪಟ್ಟೆ. 1 ಅನ್ನುವ ಬಿಟ್ಟಿಗೆ 0ಗಿಂತ ಎರಡರಷ್ಟು ಸಮಯ. ಕೇಳಿ ಕೇಳಿ ಅಭ್ಯಾಸವಾದರೆ ಲೋಡ್ ಚೆನ್ನಾಗಿ ಆಗುತ್ತಿದೆಯಾ ಅಂತ ಕಿವಿಗೇ ಗೊತ್ತಾಗುತ್ತದೆ. ನನಗೆ ಗೊತ್ತಾಯಿತು, ಆಗುತ್ತಿಲ್ಲ ಅಂತ. ಕೂಗು ಮಂಕಾಗಿತ್ತು. "ಆರ್ ಟೇಪ್ ಲೋಡಿಂಗ್ ಎರರ್" ಬಂತು.

ಹೆಡ್ ಒರೆಸಿದೆ. ಆಮೇಲೆ ಹೆಡ್ ಪಕ್ಕದ ಪುಟ್ಟ ಸ್ಕ್ರೂ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ಓರೆ ಇತ್ತೋ ಅಷ್ಟೇ ಓರೆ ಇದಕ್ಕೂ ಬೇಕು. ಟೇಪ್ ಓಡುತ್ತಿರುವಾಗಲೇ ಸ್ಕ್ರೂ ಒಂದು ಚೂರು ತಿರುಗಿಸುತ್ತಾ ಹೋದರೆ ಕೂಗು ಎಲ್ಲಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಕಾಲು ಸುತ್ತಿಗೂ ಕಡಿಮೆ. ಈ ಸಲ ಲೋಡ್ ಆಯಿತು.

ಪರದೆಯ ಮೇಲೆ ಕನ್ನಡ! ನಾನು ಎದ್ದು ನಿಂತೆ. ಸ್ಪೆಕ್ಟ್ರಮ್‌ನಲ್ಲಿ ನಾವೇ ಬರೆದುಕೊಳ್ಳಬಹುದಾದ 21 ಚೌಕಗಳಿವೆ, ಒಂದೊಂದೂ ಎಂಟಕ್ಕೆ ಎಂಟು ಚುಕ್ಕಿ. ಎಂಟು ಚುಕ್ಕಿಯಲ್ಲಿ ಕನ್ನಡದ ಅಕ್ಷರ ಕೂರುವುದಿಲ್ಲ. ಮೇಷ್ಟ್ರು ಒಂದು ಅಕ್ಷರಕ್ಕೆ ಪಕ್ಕಪಕ್ಕ ಎರಡು ಚೌಕ ಬಳಸಿದ್ದರು. "ಲೋ"ದ ದೀರ್ಘಕ್ಕೆ ಇನ್ನೊಂದು. "ದ್ದ"ದ ಒತ್ತಿಗೆ ಕೆಳಗಿನ ಸಾಲಿನಲ್ಲಿ ಇನ್ನೊಂದು. ಲಿಸ್ಟ್ ತೆಗೆದರೆ ಪುಟಗಟ್ಟಲೆ ಡೇಟಾ ಸಾಲು, ಬಿನ್ 00111100 ಅಂತ ಒಂದೊಂದು ಗೆರೆಯೂ ಸೊನ್ನೆ ಒಂದುಗಳಲ್ಲಿ. ಲೋಲಕ, ಉದ್ದ, ಅವಧಿ. ಈ ಮೂರು ಪದಕ್ಕೆ 18 ಚೌಕ ಖರ್ಚಾಗಿದ್ದವು. "ಲ" ಎರಡು ಸಲ ಬಂದರೂ ಬೇರೆ ಬೇರೆ ಬರೆದಿದ್ದಾರೆ, ಒಂದಕ್ಕೆ ಓತ್ವ ಇದೆಯಲ್ಲ.

ಉದ್ದ 1 ಅಂತ ಕೊಟ್ಟೆ. ಅವಧಿ 2.0070899. ಗುರುತ್ವದ ಜಿ ಬೆಲೆ 9.8 ಹಿಡಿದರೆ ಅದೇ ಉತ್ತರ. ಕೆಳಗೆ ದಾರ, ಗುಂಡು ತೂಗಾಡುತ್ತದೆ. ನಿಧಾನ. ಬೇಸಿಕ್‌ನಲ್ಲಿ ಒಂದೊಂದು ಸಲವೂ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯಬೇಕು. ನಿಜವಾದ ಎರಡು ಸೆಕೆಂಡಿನ ತೂಗಾಟಕ್ಕೆ ಇಲ್ಲಿ ಎಷ್ಟೋ ಹೊತ್ತು ಬೇಕು.

ಮೇಷ್ಟ್ರಿಗೆ ವಿಡಿಯೊ ಕಳಿಸಿದೆ. ಒಡನೆ ಫೋನ್ ಬಂತು. "ಏನಪ್ಪಾ, ಓಡ್ತಾ! ಗುಂಡು ಕೆಂಪಗೆ ಇರಬೇಕಿತ್ತಲ್ಲ?"

"ಕೆಂಪಗೇ ಇದೆ ಸರ್. ದಾರದ ಹತ್ರ ಬಂದಾಗ ದಾರವೂ ಕೆಂಪಾಗತ್ತೆ."

"ಹಾಂ, ಅದು ಅವತ್ತೂ ಹಾಗೇ ಆಗ್ತಿತ್ತು. ಒಂದು ಚೌಕಕ್ಕೆ ಎರಡೇ ಬಣ್ಣ. ಏನು ಮಾಡಿದ್ರೂ ಹೋಗ್ಲಿಲ್ಲ. ಇನ್ನೊಂದು ಕ್ಯಾಸೆಟ್ ಹಾಕಿದ್ಯಾ? ಅದರಲ್ಲಿ ಗ್ರಹಗಳದ್ದು ಇದೆ."

ಇನ್ನೊಂದು ಕ್ಯಾಸೆಟ್ ಬೂಷ್ಟು ಹಿಡಿದಿದೆ, ಸುರುಳಿ ಅಂಟಿಕೊಂಡಿದೆ. ಅದರ ಮೈಗೆ ಸ್ಕ್ರೂ ಇಲ್ಲ, ಅಂಟು ಹಾಕಿ ಮುಚ್ಚಿದ್ದು. ಅಂಚು ಸೀಳಿ ಟೇಪನ್ನು ಹೊರತೆಗೆದು, ಸ್ಕ್ರೂ ಇರುವ ಬೇರೆ ಖಾಲಿ ಕ್ಯಾಸೆಟ್ಟಿಗೆ ವರ್ಗಾಯಿಸಬೇಕು. 7805ನ್ನು ಹಾಗೇ ಬಿಟ್ಟಿದ್ದೇನೆ. ಅದರ ಬದಲು ಬಿಸಿಯಾಗದ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ತಗಡು ಬಿಸಿಯಾಗುವುದು ಅದರ ಕೆಲಸ, ಆಗಲಿ. ಗ್ರಹಗಳ ಟೇಪ್ ಬಿಡಿಸಲು ಹಳೆ ಭಕ್ತಿಗೀತೆಯ ಕ್ಯಾಸೆಟ್ ಒಂದನ್ನು ನೋಡಿಟ್ಟಿದ್ದೇನೆ, ಐದು ಸ್ಕ್ರೂನದು. ಅಮ್ಮನನ್ನು ಕೇಳಬೇಕು.